ಸಮಾಜ ವಿಜ್ಞಾನದ ಪಿರಿಯಡ್ ಬಗ್ಗೆ ನಮ್ಮ ಶಿಕ್ಷಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಡಿಡಿಪಿಐ, ಬಿಇಒ ಮತ್ತು ವಿಷಯ ಪರಿವೀಕ್ಷಕರಿಗೆ,

ನಮಸ್ಕಾರ.

ನಾನು ಗಂಗಾವತಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ಈ ಪತ್ರವನ್ನು ಕಚೇರಿಗೆ ಕಳಿಸದೆ ಎಲ್ಲರ ಮುಂದೆ ಬರೆಯುತ್ತಿದ್ದೇನೆ, ಯಾಕೆಂದರೆ ಇದು ನನ್ನೊಬ್ಬಳ ಬೇಡಿಕೆ ಅಲ್ಲ. ಪಾಲಕರೂ ಓದಲಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೂ ಓದಲಿ, ನನ್ನ ಹಾಗೇ ಹತ್ತನೇ ತರಗತಿಗೆ ನೋಟ್ಸ್ ಬರೆಸುತ್ತಿರುವ ಶಿಕ್ಷಕರೂ ಓದಲಿ.

ನಾನು ಕೇಳುವುದು ಒಂದೇ. ಈ ವಿಷಯವನ್ನು ಬೇರೆ ಬೇರೆ ರೀತಿಯಲ್ಲಿ ಕಲಿಸಲು ನಮಗೆ ಸಮಯ ಕೊಡಿ, ಹಾಗೆ ಕಲಿಸಿದ್ದನ್ನೂ ಪಾಠ ಅಂತ ಒಪ್ಪಿಕೊಳ್ಳಿ. ಈಗ ಶಾಲೆಗೆ ಬಂದವರು ಕೇಳುವ ಪ್ರಶ್ನೆಗಳು ನಮಗೆಲ್ಲ ಬಾಯಿಪಾಠ ಆಗಿವೆ. ಸಿಲೆಬಸ್ ಎಷ್ಟು ಮುಗಿಯಿತು? ನೋಟ್ಸ್ ತಿದ್ದಿದ್ದೀರಾ? ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ ಇರುವ ಪಾಸಿಂಗ್ ಪ್ಯಾಕೇಜ್ ಕೊಟ್ಟಿದ್ದೀರಾ? ಹಿಂದುಳಿದ ಮಕ್ಕಳ ಪಟ್ಟಿ ಎಲ್ಲಿ? ಇವು ಬೇಡದ ಪ್ರಶ್ನೆಗಳು ಅಂತ ನಾನು ಹೇಳುವುದಿಲ್ಲ. ಇವಿಷ್ಟೇ ಇವೆ ಅನ್ನುವುದು ನನ್ನ ಸಂಕಟ. ಮಕ್ಕಳು ಗುಂಪು ಗುಂಪಾಗಿ ಕೂತು ಜೋರಾಗಿ ಮಾತಾಡುತ್ತಿದ್ದರೆ 'ಕ್ಲಾಸಲ್ಲಿ ಯಾಕಿಷ್ಟು ಗದ್ದಲ' ಅಂತ ಕೇಳುತ್ತಾರೆಯೇ ಹೊರತು ಏನು ಮಾತಾಡುತ್ತಿದ್ದಾರೆ ಅಂತ ಯಾರೂ ಕೇಳುವುದಿಲ್ಲ.

ನಮ್ಮ ಸೀಮೆಯನ್ನು ಒಮ್ಮೆ ನೋಡಿ. ಕೊಪ್ಪಳ ಊರಲ್ಲೇ ಅಶೋಕನ ಎರಡು ಶಾಸನಗಳಿವೆ, ಒಂದು ಗವಿಮಠದ ಬೆಟ್ಟದಲ್ಲಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳದಲ್ಲೂ ಇವೆ. ರಾಯಚೂರು ಜಿಲ್ಲೆಯ ಮಸ್ಕಿ ಶಾಸನ ಗೊತ್ತಿಲ್ಲದ ಶಿಕ್ಷಕರಿಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ತಯಾರಿಸುತ್ತಿದ್ದ ಗುಡ್ಡ ಇದೆ. ಕುಡುತಿನಿ ಹತ್ತಿರ ಬೂದಿದಿಬ್ಬ ಇದೆ, ಸಾವಿರಾರು ವರ್ಷದ ಹಿಂದೆ ದನ ಸಾಕುತ್ತಿದ್ದ ಜನ ಸೆಗಣಿ ರಾಶಿ ಹಾಕಿ ಸುಟ್ಟಿದ್ದರಿಂದ ಆದದ್ದು. ನಮ್ಮ ತಾಲ್ಲೂಕಿನ ಹಿರೇಬೆಣಕಲ್ ಮೇಲಿನ ಮೊರೇರ ಬೆಟ್ಟದಲ್ಲಿ ಸುಮಾರು 400 ಕಲ್ಲಿನ ಸಮಾಧಿಗಳಿವೆ. 2021ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಇಷ್ಟೆಲ್ಲ ಕೈಗೆಟಕುವ ದೂರದಲ್ಲಿ ಇಟ್ಟುಕೊಂಡು ನಾವು 'ಅಶೋಕನ ಶಾಸನಗಳ ಮಹತ್ವ ತಿಳಿಸಿ' ಅನ್ನುವ ಪ್ರಶ್ನೆಗೆ ನಾಲ್ಕು ಅಂಶದ ಉತ್ತರ ಬರೆಸುತ್ತೇವೆ. ಗವಿಸಿದ್ಧೇಶ್ವರ ಜಾತ್ರೆ ನೋಡದ ಮಗು ನಮ್ಮ ಕಡೆ ಅಪರೂಪ. ಅದೇ ಬೆಟ್ಟದ ಶಾಸನ ನೋಡಿದ ಮಗುವೂ ಅಷ್ಟೇ ಅಪರೂಪ.

ಎಲ್ಲರನ್ನೂ ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ ಅಂತಲ್ಲ. ತರಗತಿಯ ಒಳಗೇ ಮಾಡಬಹುದಾದದ್ದು ಬಹಳ ಇದೆ. ಮಸ್ಕಿಯನ್ನೇ ತೆಗೆದುಕೊಳ್ಳಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ. ಬಂಡೆಗಳ ಮೇಲೆಲ್ಲ 'ದೇವಾನಾಂಪ್ರಿಯ ಪ್ರಿಯದರ್ಶಿ' ಅಂತ ಒಬ್ಬ ರಾಜ ಮಾತಾಡುತ್ತಿದ್ದಾನೆ. ಯಾರು ಇವನು? ಅಶೋಕನೇ ಇರಬೇಕು ಅಂತ ವಿದ್ವಾಂಸರು ಊಹೆ ಮಾಡಿದ್ದರು, ಆದರೆ ಕಲ್ಲಿನ ಮೇಲೆ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಒಂದು ಶಾಸನ ಕಂಡ. ಅದರಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕ ಅಂತಲೇ ಇತ್ತು.

ಇದನ್ನು ನಾನು ಮಕ್ಕಳಿಗೆ ಹೀಗೆ ನೇರವಾಗಿ ಹೇಳುವುದಿಲ್ಲ. ಐದಾರು ಚೀಟಿ ಮಾಡುತ್ತೇನೆ. ಒಂದರಲ್ಲಿ ಬಂಡೆಯ ಮಾತು, ಒಂದರಲ್ಲಿ ಶ್ರೀಲಂಕಾದ ಬೌದ್ಧ ಗ್ರಂಥದ ಸುಳಿವು, ಇನ್ನೊಂದರಲ್ಲಿ ರಾಜರ ಪಟ್ಟಿ. ಮಸ್ಕಿಯ ಚೀಟಿ ನನ್ನ ಹತ್ತಿರವೇ ಇರುತ್ತದೆ. ಗುಂಪಿನವರು ಸೇರಿ ಈ ರಾಜ ಯಾರು, ಅದನ್ನು ಹೇಗೆ ಹೇಳುತ್ತೀರಿ ಅಂತ ವಾದ ಮಾಡಬೇಕು. ಅವರು ಊಹೆ ಮಾಡಿ, ಜಗಳ ಆಡಿ, 'ಗ್ಯಾರಂಟಿ ಹೇಳಕ್ಕ ಬರಂಗಿಲ್ರೀ ಟೀಚರ್' ಅನ್ನುವ ಹಂತಕ್ಕೆ ಬಂದಾಗ ಕೊನೆಯ ಚೀಟಿ ಕೊಡುತ್ತೇನೆ. ಆಗ ತರಗತಿಯಲ್ಲಿ ಏಳುವ ಗದ್ದಲ ಇದೆಯಲ್ಲ, ಅದನ್ನು ಕೇಳಲು ನೀವು ಬಾಗಿಲಲ್ಲಿ ನಿಂತಿರಬೇಕು ಅಂತ ನನ್ನ ಆಸೆ. ಒಂದು ಪಿರಿಯಡ್ ಪೂರ್ತಿ ಹೋಗುತ್ತದೆ. ನೋಟ್ಸ್‌ನಲ್ಲಿ ಮೂರೋ ನಾಲ್ಕೋ ಸಾಲು ಇರುತ್ತದೆ. ಇತಿಹಾಸಕಾರರು ಆಧಾರ ಇಟ್ಟುಕೊಂಡು ಮಾತಾಡುತ್ತಾರೆ, ಸುಮ್ನೆ ಕಥೆ ಕಟ್ಟುವುದಿಲ್ಲ ಅನ್ನುವುದು ಮಕ್ಕಳಿಗೆ ಅಂದು ಗೊತ್ತಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಇತಿಹಾಸವನ್ನೆಲ್ಲ ನಂಬುವ ಈ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ರಾಯಚೂರಿನ ಶಿಕ್ಷಕರಿಗೆ ಇದಕ್ಕಿಂತ ಚಂದದ ಸಾಮಗ್ರಿ ಇದೆ. ಅಲ್ಲಿನ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿದ್ದನ್ನು ಅದರ ಮೇಲಿನ ತೆಲುಗು ಶಾಸನ ಹೇಳುತ್ತದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಒಂದು ಫೋಟೊ ಪ್ರಿಂಟ್ ತೆಗೆಸಿ ಮಕ್ಕಳ ಕೈಗೆ ಕೊಟ್ಟು, ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಎಳೆದವರ ಹೆಸರು ಯಾಕೆ ಇಲ್ಲ ಅಂತ ಕೇಳಿದರೆ ಸಾಕು. ಎಂಟನೇ ತರಗತಿಯ ಮಗು ಕೂಡ ಮಾತಾಡುತ್ತದೆ. ಓದಲು ಬಾರದ ಮಗುವಿಗೂ ಚಿತ್ರ ನೋಡಲು ಬರುತ್ತದೆ, ಅದಕ್ಕೇ ನನಗೆ ಈ ರೀತಿ ಇಷ್ಟ. ನಮ್ಮ ಶಾಲೆಗಳಲ್ಲಿ ಪ್ರೌಢಶಾಲೆಗೆ ಬಂದರೂ ಕನ್ನಡ ಸರಾಗವಾಗಿ ಓದದ ಮಕ್ಕಳಿದ್ದಾರೆ ಅನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಬರೀ ನೋಟ್ಸ್‌ನಲ್ಲಿ ನಡೆಯುವ ಪಾಠ ಆ ಮಕ್ಕಳನ್ನು ಮೊದಲ ದಿನವೇ ಹೊರಗೆ ನಿಲ್ಲಿಸುತ್ತದೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರೂ ಒಂದೇ ಕಡೆ ಸೇರುವುದು ತುಂಗಭದ್ರಾ ಡ್ಯಾಮಿನಲ್ಲಿ. ಪುಸ್ತಕದಲ್ಲಿ ಅದು ವಿವಿಧೋದ್ದೇಶ ನದಿ ಕಣಿವೆ ಯೋಜನೆಗಳ ಪಟ್ಟಿಯಲ್ಲಿ ಒಂದು ಸಾಲು. ಮಕ್ಕಳ ಮನೆಯಲ್ಲಿ ಅದು ಊಟ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್‌ನ ಚೈನ್ ತುಂಡಾಗಿ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ನಮ್ಮ ಶಾಲೆಯಲ್ಲಿ ಬೇರೆ ಮಾತೇ ಇರಲಿಲ್ಲ. ಇದ್ದ 33 ಗೇಟ್‌ಗಳಲ್ಲಿ ಒಂದು ಹೋದರೆ ಉಳಿದವುಗಳಿಂದಲೂ ಯಾಕೆ ನೀರು ಬಿಡುತ್ತಿದ್ದಾರೆ? ಆ ನೀರು ಎಲ್ಲಿಗೆ ಹೋಗುತ್ತದೆ? ಭತ್ತ ನಾಟಿ ಮಾಡಿದವರ ಗತಿ ಏನು? ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ಗೇಟ್ ಬದಲು ಇಳಿಸುವ ಉಕ್ಕಿನ ತಡೆ) ಹೇಗೆ ಇಳಿಸುತ್ತಾರೆ? ಇಷ್ಟು ಪ್ರಶ್ನೆಗಳನ್ನು ಮಕ್ಕಳು ತಾವಾಗಿಯೇ ಕೇಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ವಾರದ ಲೆಸನ್ ಪ್ಲಾನ್ ಪ್ರಕಾರ ನಾವು ಬೇರೆ ಯಾವುದೋ ಅಧ್ಯಾಯದಲ್ಲಿ ಇರಬೇಕಿತ್ತು. ನಾನು ಡ್ಯಾಮಿನ ಪಾಠವನ್ನೇ ಮಾಡಿದೆ. ಅಂಥ ವಾರದಲ್ಲಿ ಶಿಕ್ಷಕರು ಅಧ್ಯಾಯದ ಕ್ರಮ ಬದಲಿಸಿದರೆ ಅದಕ್ಕೆ ವಿವರಣೆ ಕೇಳಬಾರದು ಅನ್ನುವುದು ನನ್ನ ಕಳಕಳಿಯ ಮನವಿ.

ಅಂದಿನಿಂದ ಪ್ರತಿ ವರ್ಷ ನಾವು ತರಗತಿಯಲ್ಲಿ ಐಸಿಸಿ ಸಭೆ ನಡೆಸುತ್ತೇವೆ. ಕ್ರಿಕೆಟ್ಟಿನದಲ್ಲ, ನೀರಾವರಿ ಸಲಹಾ ಸಮಿತಿಯದು. ಕಾಲುವೆಗೆ ಯಾವಾಗ ನೀರು ಬಿಡಬೇಕು, ಎರಡನೇ ಬೆಳೆಗೆ ಕೊಡಬೇಕೋ ಬೇಡವೋ ಅಂತ ತೀರ್ಮಾನ ಆಗುವ ಸಭೆ. ಮಕ್ಕಳ ಅಪ್ಪಂದಿರು ಪೇಪರ್ ಓದುವುದೇ ಈ ಸುದ್ದಿಗೆ. ಒಬ್ಬಳು ಕಾರಟಗಿ ಕಡೆಯ ಭತ್ತದ ರೈತ ಆಗುತ್ತಾಳೆ. ಒಬ್ಬ ಮಾನ್ವಿಯ ಕೊನೆಭಾಗದ ರೈತ ಆಗುತ್ತಾನೆ. ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಶುರುವಾಗಿ ಇನ್ನೂರು ಕಿಲೋಮೀಟರಿಗೂ ಜಾಸ್ತಿ ಹೋಗುತ್ತದೆ, ಮೇಲಿನವರು ಪಂಪ್ ಇಟ್ಟು ಎತ್ತಿಕೊಂಡರೆ ಕೊನೆಯವರಿಗೆ ಏನೂ ಉಳಿಯುವುದಿಲ್ಲ, ಅದು ಅವನ ಜಗಳ. ಒಬ್ಬರು ಕುಡಿಯುವ ನೀರಿನ ಅಧಿಕಾರಿ, ಒಬ್ಬರು ಫ್ಯಾಕ್ಟರಿಯವರು, ಒಬ್ಬರು ಎಂಜಿನಿಯರ್, ಇಬ್ಬರು ಆಂಧ್ರ ಮತ್ತು ತೆಲಂಗಾಣದ ಪಾಲು ಕೇಳುವವರು. ಎಂಜಿನಿಯರ್ ಕೈಯಲ್ಲಿ ಲೆಕ್ಕ ಇರುತ್ತದೆ: 1953ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದಾಗ ಡ್ಯಾಮಿನ ಸಾಮರ್ಥ್ಯ ಸುಮಾರು 133 ಟಿಎಂಸಿ (ಶತಕೋಟಿ ಘನ ಅಡಿ), ಈಗ ಹೂಳು ತುಂಬಿ 105.78 ಟಿಎಂಸಿ.

ಕಡಿಮೆಯಾದ ಆ 27 ಟಿಎಂಸಿ ಎಲ್ಲಿ ಹೋಯಿತು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಮಣ್ಣಿನ ಸವಕಳಿಯ ಪಾಠ ಶುರು. ಯಾರ ಪಾಲಿನಲ್ಲಿ ಕಡಿಮೆ ಮಾಡಬೇಕು ಅನ್ನುವುದು ಮುಂದಿನ ಜಗಳ, ಅದು ಅಂತರರಾಜ್ಯ ಜಲವಿವಾದದ ಪಾಠ. ಭತ್ತ ಬಿಟ್ಟು ಜೋಳ ಹಾಕಿ ಅಂತ ಒಬ್ಬ ಹುಡುಗ ಹೇಳಿದ, ಹಿಂದಿನ ಬೆಂಚಿನ ಹುಡುಗಿ ಎದ್ದು 'ಜ್ವಾಳಕ್ಕ ರೇಟ್ ಯಾರು ಕೊಡ್ತಾರ?' ಅಂದಳು. ಬೆಂಬಲ ಬೆಲೆ ಅಂದರೆ ಏನು ಅಂತ ನಾನು ಎರಡು ವರ್ಷ ಹೇಳಿದ್ದಕ್ಕಿಂತ ಅವಳ ಆ ಒಂದು ಪ್ರಶ್ನೆಯಿಂದ ತರಗತಿಗೆ ಜಾಸ್ತಿ ಅರ್ಥ ಆಯಿತು.

ಇದಕ್ಕೆ ತಯಾರಿ ಮಾಡಲು ನಾವು ಜಿಗ್ಸಾ ಅನ್ನುವ ಕ್ರಮ ಬಳಸುತ್ತೇವೆ. ಅದರ ಹುಟ್ಟಿನ ಹಿನ್ನೆಲೆ ನಮಗೆ ತುಂಬ ಹೊಂದುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಊರಿನಲ್ಲಿ ಕರಿಯರ, ಬಿಳಿಯರ, ಮೆಕ್ಸಿಕನ್ ಮೂಲದವರ ಮಕ್ಕಳನ್ನು ಮೊದಲ ಸಲ ಒಂದೇ ಶಾಲೆಯಲ್ಲಿ ಕೂರಿಸಿದಾಗ ದ್ವೇಷ, ಹೊಡೆದಾಟ ಶುರುವಾಯಿತು. ಎಲಿಯಟ್ ಆರನ್‌ಸನ್ ಎಂಬ ಮನೋವಿಜ್ಞಾನಿ ಮತ್ತು ಅವರ ವಿದ್ಯಾರ್ಥಿಗಳು ಪಾಠವನ್ನು ತುಂಡು ಮಾಡಿ, ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಕೊಟ್ಟರು. ಪ್ರತಿಯೊಬ್ಬರೂ ತಮ್ಮ ತುಂಡನ್ನು ಕಲಿತು ಬಂದು ಉಳಿದವರಿಗೆ ಕಲಿಸಬೇಕು. ಇನ್ನೊಬ್ಬರ ಮಾತು ಕೇಳದೆ ಯಾರಿಗೂ ಪಾಠ ಪೂರ್ತಿ ಆಗುವುದಿಲ್ಲ.

ನಮ್ಮ ತರಗತಿಗಳಲ್ಲಿ ಮಕ್ಕಳು ಹೇಗೆ ಕೂರುತ್ತಾರೆ ಅಂತ ನೀವು ಗಮನಿಸಿರಬಹುದು. ಓಣಿ ಓಣಿಯವರು ಒಟ್ಟಿಗೆ. ಯಾವ ಓಣಿ ಯಾರದು ಅಂತ ಊರಿಗೆಲ್ಲ ಗೊತ್ತು. ಸಮಾಜಶಾಸ್ತ್ರದ ಪಾಠದಲ್ಲಿ ಅಸ್ಪೃಶ್ಯತೆ ಅಪರಾಧ, 17ನೇ ವಿಧಿ ಅಂತ ಬರೆಸುತ್ತೇವೆ, ಬರೆದ ಮಕ್ಕಳು ಮತ್ತೆ ಓಣಿ ಪ್ರಕಾರವೇ ಕೂರುತ್ತಾರೆ. ಜಿಗ್ಸಾ ಗುಂಪು ಮಾಡುವಾಗ ನಾನು ಹಾಜರಿ ಪುಸ್ತಕ ನೋಡಿ ಬೇಕಂತಲೇ ಬೆರೆಸುತ್ತೇನೆ. ಮೊದಲ ಸಲ ಯಾರೂ ಮಾತಾಡುವುದಿಲ್ಲ. ಕೊನೆಭಾಗದ ರೈತನ ಚೀಟಿ ಯಾರ ಹತ್ತಿರ ಇದೆಯೋ ಅವಳನ್ನು ಕೇಳದೆ ಸಭೆಯಲ್ಲಿ ಗೆಲ್ಲಲು ಆಗುವುದಿಲ್ಲ ಅಂತ ತಿಳಿದ ಮೇಲೆ ಮಾತಾಡುತ್ತಾರೆ. ಇದರಿಂದ ಜಾತಿ ಹೋಗಿಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಇವಳಿಗೂ ಗೊತ್ತಿದೆ, ಇವಳ ಮಾತೂ ಕೇಳಬೇಕು ಅನ್ನುವ ಅನುಭವ ಅರ್ಧ ಗಂಟೆಯಾದರೂ ಆಗುತ್ತದಲ್ಲ, ನನಗೆ ಅದು ಮುಖ್ಯ.

ಇನ್ನು ಅಜ್ಜ ಅಜ್ಜಿಯರ ಮಾತು ಬರೆದು ತರುವ ಕೆಲಸ. ಸೆಪ್ಟೆಂಬರ್ 17 ಬಂದಾಗ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, 'ಟೀಚರ್, ನಮ್ಮ ಕಡೀಗೆ ಎರಡು ಸಲ ಝಂಡಾ ಯಾಕ ಏರಸ್ತಾರ್ರೀ?' ಒಳ್ಳೆಯ ಪ್ರಶ್ನೆ. ರಾಯಚೂರು ಜಿಲ್ಲೆ, ಅದರೊಳಗೇ ಇದ್ದ ಕೊಪ್ಪಳ, ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಬಳ್ಳಾರಿಯದು ಬೇರೆ ಕಥೆ. ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಂಧ್ರ ರಾಜ್ಯ ಆದ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕೊಪ್ಪಳ, ರಾಯಚೂರು 1956ರಲ್ಲಿ ಬಂದವು. ಕೊಪ್ಪಳ ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಹೀಗೆ ಇಸವಿ ಸಾಲಾಗಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ, ನೀವೂ ಈಗ ಆಕಳಿಸಿರಬಹುದು. ಇದನ್ನೇ ಅಂಗಳದಲ್ಲಿ ಉದ್ದಕ್ಕೆ ಹಗ್ಗ ಕಟ್ಟಿ, ಹತ್ತು ವರ್ಷಕ್ಕೊಂದು ಗಂಟು ಹಾಕಿ, ಇಸವಿಯ ಚೀಟಿಗಳ ಜೊತೆ ತಮ್ಮ ಅಜ್ಜಿ ಹುಟ್ಟಿದ್ದು, ಅಪ್ಪ ಹುಟ್ಟಿದ್ದು, ಊರಿಗೆ ಕರೆಂಟ್ ಬಂದದ್ದು ತೂಗುಹಾಕಲು ಹೇಳಿದರೆ ಎಲ್ಲರೂ ಹಗ್ಗದ ಹತ್ತಿರ ಓಡುತ್ತಾರೆ. ಅಜ್ಜಿ ಹುಟ್ಟಿದಾಗ ನಮ್ಮೂರು ಭಾರತದಲ್ಲೇ ಇರಲಿಲ್ಲವಾ ಅಂತ ಒಬ್ಬಳು ಗಾಬರಿಯಾಗಿ ಕೇಳಿದಳು. ಅವಳು ಆ ಸಂಜೆ ಅಜ್ಜಿಯ ಹತ್ತಿರ ಕೂತು ಏನೇನು ಕೇಳಿಸಿಕೊಂಡಳೋ, ಮರುದಿನ ಎರಡು ಪುಟ ಬರೆದು ತಂದಳು. ಅವಳು ಅದುವರೆಗೆ ಅಷ್ಟು ಉದ್ದದ ಉತ್ತರ ಬರೆದದ್ದೇ ಇಲ್ಲ. 1948ನ್ನು ನೆನಪಿಟ್ಟುಕೊಂಡವರು ಈಗ ಬೆರಳೆಣಿಕೆಯಷ್ಟು ಜನ. ಈ ಕೆಲಸ ಬೇಗ ಆಗಬೇಕು.

ಇಲ್ಲಿ ಎಚ್ಚರವೂ ಬೇಕು. ರಜಾಕಾರರ (ನಿಜಾಮರ ಪರ ಇದ್ದ ಸಶಸ್ತ್ರ ಪಡೆಯವರ) ಕಾಲದ ನೆನಪು ಹೇಳುವಾಗ ಮನೆಯವರ ಮಾತಿನಲ್ಲಿ ನೋವಿರುತ್ತದೆ, ಸಿಟ್ಟಿರುತ್ತದೆ. ತರಗತಿಯಲ್ಲಿ ಹಿಂದೂ ಮಕ್ಕಳಿದ್ದಾರೆ, ಮುಸ್ಲಿಂ ಮಕ್ಕಳಿದ್ದಾರೆ. ಒಂದೇ ಮನೆಯ ಮಾತನ್ನು ಇತಿಹಾಸ ಅಂತ ಓದಿಸಿದರೆ ಕೂತ ಮಕ್ಕಳಲ್ಲಿ ಯಾರೋ ಒಬ್ಬರು ತಲೆ ತಗ್ಗಿಸಬೇಕಾಗುತ್ತದೆ. ಹಾಗಾಗಿ ಬೇರೆ ಬೇರೆ ಓಣಿಯ ಹಿರಿಯರ ಮಾತು ತರಿಸಿ ಅಕ್ಕಪಕ್ಕ ಇಟ್ಟು ಓದುತ್ತೇವೆ. ಬಳ್ಳಾರಿ ಕನ್ನಡನಾಡಿಗೆ ಸೇರಬೇಕು ಅಂತ ಹೋರಾಡಿ 1953ರಲ್ಲಿ ಪ್ರಾಣ ಕೊಟ್ಟ ಪೈಲ್ವಾನ್ ರಂಜಾನ್ ಸಾಬರ ಬಗ್ಗೆಯೂ ಓದುತ್ತೇವೆ. ಇಂಥ ಪಾಠಕ್ಕೆ ಶಿಕ್ಷಕರಿಗೆ ಧೈರ್ಯ ಬೇಕು, ಹಿಂದೆ ಇಲಾಖೆ ನಿಂತಿದೆ ಅನ್ನುವ ನಂಬಿಕೆ ಬೇಕು. ಯಾರೋ ಒಬ್ಬರು ಫೋನ್ ಮಾಡಿ ದೂರು ಹೇಳಿದ ತಕ್ಷಣ ನೋಟಿಸ್ ಬರುತ್ತದೆ ಅನ್ನುವ ಭಯ ಇದ್ದರೆ ಎಲ್ಲರೂ ಪುಸ್ತಕದ ಪ್ಯಾರಾ ಓದಿ ಮುಗಿಸುತ್ತಾರೆ, ಅದು ಅವರ ತಪ್ಪೂ ಅಲ್ಲ.

ಗುಳೆ ಹೋಗಿ ಬರುವ ಮಕ್ಕಳ ಬಗ್ಗೆ ಹೇಳದೆ ಈ ಪತ್ರ ಮುಗಿಸಲು ನನಗೆ ಆಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೋ ಗೋವಾಕ್ಕೋ ಹೋಗಿ ಬರುವ ಮಕ್ಕಳನ್ನು ನಾವು ಹಾಜರಾತಿ ಕಡಿಮೆ ಇರುವವರು ಅಂತ ಪಟ್ಟಿ ಮಾಡುತ್ತೇವೆ. ಬಂದ ಮೇಲೆ ಬಿಟ್ಟುಹೋದ ನೋಟ್ಸ್ ಬರೆದುಕೋ ಅನ್ನುತ್ತೇವೆ. ಆ ಮಗು ಬೇರೆ ರಾಜ್ಯ ನೋಡಿದೆ, ಸಮುದ್ರ ನೋಡಿದೆ, ಕಟ್ಟಡದ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದವರ ಜೊತೆ ಶೆಡ್‌ನಲ್ಲಿ ಇದ್ದು ಬಂದಿದೆ. ವಲಸೆ, ನಗರೀಕರಣ, ಅಸಂಘಟಿತ ಕಾರ್ಮಿಕರು ಅನ್ನುವ ಪಾಠಗಳಲ್ಲಿ ನನಗಿಂತ ಅದಕ್ಕೆ ಜಾಸ್ತಿ ಗೊತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ನಕ್ಷೆ ಬರೆದು, ನೀನು ಯಾವ ಊರು ದಾಟಿ ಹೋದೆ, ಎಲ್ಲಿ ಇಳಿದೆ, ಅಲ್ಲಿ ನಿಮ್ಮ ರೇಷನ್ ಏನಾಯಿತು ಅಂತ ಕೇಳಿದರೆ ಎಲ್ಲ ಮಕ್ಕಳೂ ಸುತ್ತ ಕೂರುತ್ತಾರೆ. ಇಷ್ಟ ಇಲ್ಲದ ಮಗುವನ್ನು ಒತ್ತಾಯ ಮಾಡಬಾರದು. ಬಡತನವನ್ನು ಎಲ್ಲರ ಮುಂದೆ ಹೇಳಿಸುವ ಕೆಲಸ ಆಗಬಾರದು. ತಾನಾಗಿ ಹೇಳಲು ಬಂದ ಮಗು ಅಂದು ತರಗತಿಗೆ ಗುರು.

ಬಾಲ್ಯವಿವಾಹದಂಥ ಪಾಠಕ್ಕೆ ಇದೂ ನಡೆಯುವುದಿಲ್ಲ. ಅಲ್ಲಿ ನಾನು ಹೆಸರಿಲ್ಲದ ಚೀಟಿ ಹಾಕಿಸುತ್ತೇನೆ. ಡಬ್ಬಿ ತೆಗೆದು ಮೊದಲು ನಾನೊಬ್ಬಳೇ ಓದಿ, ಆಮೇಲೆ ಓದಬಹುದಾದದ್ದನ್ನು ಮಾತ್ರ ತರಗತಿಗೆ ಓದುತ್ತೇನೆ. ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದೆ ಬಿಡುತ್ತೇನೆ. ಮಕ್ಕಳು ಬರೆಯುವುದನ್ನು ಓದಿದರೆ ನೀವು 18 ವರ್ಷ, 2006ರ ಕಾಯ್ದೆ ಅಂತ ಎರಡು ಅಂಕದ ಪ್ರಶ್ನೆಗೆ ತೃಪ್ತಿಪಡುವುದಿಲ್ಲ.

'ಇದೆಲ್ಲ ಸರಿ ಮೇಡಂ, ರಿಸಲ್ಟ್ ಏನು ಮಾಡ್ತೀರಿ' ಅಂತ ನೀವು ಕೇಳುವುದು ಸಹಜ. ಪ್ರತಿ ವರ್ಷ ಎಸ್ಎಸ್ಎಲ್‌ಸಿ ಫಲಿತಾಂಶ ಬಂದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪಟ್ಟಿಯ ಕೆಳಗೆ ಇರುತ್ತವೆ, ಮೇಲಿನಿಂದ ಒತ್ತಡ ನಿಮ್ಮ ಮೇಲೂ ಇದೆ. ಪಾಸಿಂಗ್ ಪ್ಯಾಕೇಜನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಫೆಬ್ರವರಿಯಲ್ಲಿ ಓದಲು ಒದ್ದಾಡುವ ಮಗುವಿಗೆ ಅದೇ ದಾರಿ, ನಾನೂ ಕೊಡುತ್ತೇನೆ, ಮುಂದೆಯೂ ಕೊಡುತ್ತೇನೆ. ಅದು ಜೂನ್‌ನಿಂದಲೇ ಶುರುವಾಗಬಾರದು. ಎಂಟು, ಒಂಬತ್ತನೇ ತರಗತಿಗೂ ಇಳಿಯಬಾರದು. ಈಗ ಇಳಿದಿದೆ.

ನೆನಪಿನ ವಿಷಯಕ್ಕೆ ಬಂದರೂ ಬರೀ ಓದಿಸುವುದು, ಬರೆಸುವುದು ಒಳ್ಳೆಯ ದಾರಿ ಅಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಚೆನ್ನಾಗಿ ಹೇಳಿದರು. ಒಂದು ವಾರ ಕಳೆದ ಮೇಲೆ ಮಾತ್ರ, ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೇ ಮುಂದೆ ಇದ್ದರು. ನಾನು ಇದನ್ನು ಪ್ರತಿ ದಿನ ಮೊದಲ ಐದು ನಿಮಿಷ ಮಾಡುತ್ತೇನೆ. ಪುಸ್ತಕ ಮುಚ್ಚಿ, ಹೋದ ವಾರದ ಮೂರು ಪ್ರಶ್ನೆ, ಅಂಕ ಇಲ್ಲ, ಬೈಗುಳ ಇಲ್ಲ. ಪಕ್ಕದವರ ಜೊತೆ ಹೋಲಿಸಿ ತಿದ್ದಿಕೊಳ್ಳುತ್ತಾರೆ. ಇದಕ್ಕೆ ಪೈಸೆ ಖರ್ಚಿಲ್ಲ, ಪರೀಕ್ಷೆಗೂ ನೇರ ಉಪಯೋಗ.

ಎಲ್ಲ ಪಾಠಕ್ಕೂ ಆಟ, ನಾಟಕ, ಗುಂಪು ಬೇಕಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಆರು ವಿಭಾಗ ಇರುವ ವಿಷಯ ನಮ್ಮದು. ಕೆಲವು ಅಧ್ಯಾಯಗಳನ್ನು ಶಿಕ್ಷಕಿ ನಿಂತು ಚೆನ್ನಾಗಿ ಕಥೆ ಹೇಳಿದಂತೆ ಹೇಳುವುದೇ ಸರಿ. ಮೊದಲ ಮಹಾಯುದ್ಧ ಯಾಕೆ ಶುರುವಾಯಿತು ಅಂತ ಚೀಟಿ ಹಂಚಿ ಕಂಡುಹಿಡಿಯಲು ಹೇಳಿದರೆ ಮಕ್ಕಳು ಕಂಗಾಲಾಗುತ್ತಾರೆ. ಯಾವ ಪಾಠಕ್ಕೆ ಯಾವ ರೀತಿ ಅನ್ನುವುದನ್ನು ಆ ಮಕ್ಕಳನ್ನು ದಿನಾ ನೋಡುವವರು ನಿರ್ಧರಿಸಲಿ. ಸ್ಮಾರ್ಟ್ ಕ್ಲಾಸ್ ಟಿವಿ ಬಂದ ಶಾಲೆಗಳಲ್ಲಿ ಅದು ಬಂದದ್ದೇ ಹೊಸ ವಿಧಾನ ಅಂತ ಲೆಕ್ಕ ಆಗುತ್ತಿದೆ. ನಲವತ್ತು ನಿಮಿಷ ವಿಡಿಯೊ ನೋಡಿಸಿದರೆ ಮಕ್ಕಳು ಕೇಳುವವರಾಗಿಯೇ ಉಳಿದರಲ್ಲವಾ? ಮೂರು ನಿಮಿಷ ತೋರಿಸಿ, ನಿಲ್ಲಿಸಿ, ಮುಂದೇನಾಗಬಹುದು ಅಂತ ಕೇಳಿದರೆ ಅದರಿಂದಲೂ ಕೆಲಸ ಆಗುತ್ತದೆ.

ಹಾಗಾದರೆ ನಿಮ್ಮಿಂದ ಬೇಕಾದದ್ದು ಏನು? ದೊಡ್ಡ ಬಜೆಟ್ ಅಲ್ಲ.

ಮೊದಲನೆಯದಾಗಿ ಆಂತರಿಕ ಅಂಕ. ಹತ್ತನೇ ತರಗತಿಯಲ್ಲಿ 80 ಅಂಕ ಬರವಣಿಗೆ, 20 ಅಂಕ ಎಫ್ಎಗಳಿಂದ, ಅಂದರೆ ವರ್ಷದ ಮಧ್ಯೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳಿಂದ. ಆ 20 ಅಂಕ ಇರುವುದೇ ಮೇಲೆ ಹೇಳಿದಂಥ ಕೆಲಸಗಳಿಗೆ. ಎಷ್ಟೋ ಕಡೆ ಅದು ಅಂಗಡಿಯಲ್ಲಿ ಸಿಗುವ ಚಿತ್ರಪಟ ಕತ್ತರಿಸಿ ಅಂಟಿಸಿದ ಪ್ರಾಜೆಕ್ಟ್ ಬುಕ್ ಆಗಿದೆ. ಮಗು ಅಂಟಿಸಿದ್ದಕ್ಕೂ ಅಂಕ, ಅಣ್ಣ ಅಂಟಿಸಿಕೊಟ್ಟದ್ದಕ್ಕೂ ಅಂಕ. ಎಫ್ಎ ಚಟುವಟಿಕೆ ಊರಿನೊಳಗಿನ ಕೆಲಸ ಆಗಿರಲಿ ಅಂತ ಒಂದು ಸೂಚನೆ ಬಂದರೆ ಸಾಕು. ಸಂತೆಯಲ್ಲಿ ಟೊಮೆಟೊ ಬೆಲೆ ನಾಲ್ಕು ವಾರ ಬರೆದು ಗ್ರಾಫ್ ಹಾಕುವುದು, ಪಂಚಾಯಿತಿ ಬೋರ್ಡ್ ಓದಿ ಈ ವರ್ಷ ಯಾವ ಕೆಲಸಕ್ಕೆ ಎಷ್ಟು ಹಣ ಬಂತು ಅಂತ ಬರೆಯುವುದು, ಮಕ್ಕಳ ಗ್ರಾಮಸಭೆಗೆ ತಾವೇ ಪ್ರಶ್ನೆ ತಯಾರಿಸುವುದು. ಬಳ್ಳಾರಿಯ ಮಕ್ಕಳು ಮನೆ ಪಕ್ಕದ ಜೀನ್ಸ್ ಹೊಲಿಯುವ ಘಟಕದಲ್ಲಿ ಒಂದು ಪ್ಯಾಂಟ್ ಎಷ್ಟು ಕೈ ದಾಟುತ್ತದೆ ಅಂತ ಕೇಳಿ ಬರೆಯಬಹುದು. ಅಣ್ಣನ 371ಜೆ (ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಸರ್ಟಿಫಿಕೇಟ್‌ಗೆ ಏನೇನು ಕಾಗದ ಬೇಕಾಯಿತು, ಅದು ನಮ್ಮ ಭಾಗಕ್ಕೆ ಮಾತ್ರ ಯಾಕೆ ಅಂತ ಕೇಳಿ ಬರೆದ ಮಗುವಿಗೆ ಸಂವಿಧಾನ ದೂರದ ಪುಸ್ತಕ ಆಗುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ಎರಡು ಪಿರಿಯಡ್ ಒಟ್ಟಿಗೆ ಸಿಗುವಂತೆ ವೇಳಾಪಟ್ಟಿ ಮಾಡಲು ಮುಖ್ಯ ಶಿಕ್ಷಕರಿಗೆ ಹೇಳಿ. ನಲವತ್ತು ನಿಮಿಷದಲ್ಲಿ ಐಸಿಸಿ ಸಭೆ ಕೂರುವುದರೊಳಗೆ ಗಂಟೆ ಹೊಡೆಯುತ್ತದೆ. ತಾಲ್ಲೂಕಿನ ಒಳಗಿನ ಸ್ಥಳ ನೋಡಲು ಮುಖ್ಯ ಶಿಕ್ಷಕರ ಅನುಮತಿ, ಪಾಲಕರ ಒಪ್ಪಿಗೆ ಪತ್ರ ಇಷ್ಟು ಸಾಕು ಅಂತ ಆಗಲಿ. ಹಣದ ಪ್ರಶ್ನೆ ದೊಡ್ಡದಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೂ ನಮ್ಮಂಥ ಶಿಕ್ಷಕಿಯರಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಗಂಡುಮಕ್ಕಳ ಖರ್ಚನ್ನು ಎಸ್‌ಡಿಎಂಸಿ ನೋಡಿಕೊಳ್ಳಬಹುದು. ಅನುಮತಿಯ ಫೈಲು ಎಲ್ಲೋ ನಿಂತು, ಅದು ಬರುವಷ್ಟರಲ್ಲಿ ಬೇಸಿಗೆ ಬಂದು, ಆ ಬಿಸಿಲಿನಲ್ಲಿ ಮಕ್ಕಳನ್ನು ಬಂಡೆ ಹತ್ತಿಸಲು ಆಗದೆ ಬಿಟ್ಟ ಶಾಲೆಗಳು ನನಗೆ ಗೊತ್ತು. ರಾಯಚೂರಿನ ಬಿಸಿಲಿನ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ.

ನಮ್ಮ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇರುವುದು ಮುನಿರಾಬಾದಿನಲ್ಲಿ, ಡ್ಯಾಮಿನ ಮಗ್ಗುಲಲ್ಲೇ. ಸಮಾಜ ವಿಜ್ಞಾನದ ತರಬೇತಿಯಲ್ಲಿ ಒಂದು ದಿನವನ್ನು ಶಿಕ್ಷಕರಿಗೇ ಬಿಡಿ. ಯಾರು ಯಾವ ಪಾಠವನ್ನು ಹೇಗೆ ಮಾಡಿದರು, ಯಾವುದು ನಡೆಯಿತು, ಯಾವುದು ಕೆಟ್ಟಿತು ಅಂತ ಪರಸ್ಪರ ಹೇಳಿಕೊಳ್ಳಲಿ. ಸಿಂಧನೂರಿನಲ್ಲೋ ಸಿರುಗುಪ್ಪದಲ್ಲೋ ಒಬ್ಬರು ಮಾಡಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಅತಿಥಿ ಶಿಕ್ಷಕರನ್ನೂ ಕರೆಯಿರಿ. ಎಷ್ಟೋ ಶಾಲೆಗಳಲ್ಲಿ ಈ ವಿಷಯವನ್ನು ಅವರೇ ನಡೆಸುತ್ತಿದ್ದಾರೆ, ತರಬೇತಿಯ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಮತ್ತು ಮೊರೇರ ಬೆಟ್ಟವನ್ನು ಶಿಕ್ಷಕರಿಗೂ ತೋರಿಸಿ. ಅಲ್ಲಿ ಬಂಡೆಯ ಮೇಲೊಂದು ಕಲ್ಲಿನ ನಗಾರಿ ಇದೆ, ಬಡಿದರೆ ಸದ್ದು ಬರುತ್ತದೆ. ಅದನ್ನು ಕೇಳಿಬಂದ ಶಿಕ್ಷಕರು ಇತಿಹಾಸಪೂರ್ವ ಕಾಲದ ಪಾಠವನ್ನು ಬೇರೆ ರೀತಿ ಮಾಡುತ್ತಾರೆ ಅಂತ ನಾನು ನಂಬುತ್ತೇನೆ.

ಕೊನೆಗೆ, ನೀವು ಶಾಲೆಗೆ ಬಂದಾಗ ನೋಟ್ಸ್ ನೋಡುವ ಮೊದಲು ಹಿಂದಿನ ಬೆಂಚಿನಲ್ಲಿ ಒಂದು ಪೂರ್ತಿ ಪಿರಿಯಡ್ ಕೂರಿ. ಎಷ್ಟು ಮಕ್ಕಳು ಮಾತಾಡಿದರು, ಎಷ್ಟು ಮಕ್ಕಳು ಪ್ರಶ್ನೆ ಕೇಳಿದರು ಅಂತ ನಿಮ್ಮ ಭೇಟಿ ಪುಸ್ತಕದಲ್ಲಿ ಬರೆಯಿರಿ. ನೀವು ಏನನ್ನು ಬರೆಯುತ್ತೀರೋ ಮುಂದಿನ ವಾರದಿಂದ ಶಾಲೆಗಳು ಅದನ್ನೇ ಮಾಡುತ್ತವೆ. ಬರುವ ಶೈಕ್ಷಣಿಕ ವರ್ಷದ ಮೊದಲ ಎಫ್ಎಗೆ ಮುಂಚೆ ಇದರ ಬಗ್ಗೆ ಒಂದು ಸುತ್ತೋಲೆ ಬಂದರೆ ನಾವು ಜೂನ್‌ನಲ್ಲೇ ತಯಾರಿ ಶುರು ಮಾಡಬಹುದು. ಚೀಟಿ, ನಕ್ಷೆ, ಐಸಿಸಿ ಸಭೆಯ ಪಾತ್ರಗಳ ಪಟ್ಟಿ ನನ್ನ ಹತ್ತಿರ ಇವೆ. ಯಾವ ಶಾಲೆಯವರು ಕೇಳಿದರೂ ಕೊಡುತ್ತೇನೆ.

ಗೌರವದಿಂದ,
ಗಂಗಾವತಿ ತಾಲ್ಲೂಕಿನ ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ